ನನಗೆ, ನಾನು, ಅವರು: ಮಾಳಿಗೆ ಮೇಲೆ ಜಗಳವಾಡುವ ಬಗೆ

ಮದುವೆ ಬಯೋಡೇಟಾ ಟೈಪ್ ಮಾಡುವುದಕ್ಕೆ ನಾನು 60 ರೂಪಾಯಿ ತೆಗೆದುಕೊಳ್ಳುತ್ತೇನೆ. ಫೋಟೊ ಸೇರಿಸಿ ಕಲರ್ ಪ್ರಿಂಟ್ ಬೇಕೆಂದರೆ 80. ಬಳ್ಳಾರಿಯ ತೇರು ಬೀದಿಗೆ ಹತ್ತಿರದ ಒಂದು ಸಂದಿಯಲ್ಲಿ ನನ್ನ ಡಿಟಿಪಿ, ಜೆರಾಕ್ಸ್ ಅಂಗಡಿ; 2004ರಿಂದ ಇದೇ ಕೆಲಸ. ನುಡಿ ತಂತ್ರಾಂಶದ ಕಾಲದಿಂದ ಯೂನಿಕೋಡ್ ತನಕ ಎಷ್ಟು ಬಯೋಡೇಟಾ ಹೊಡೆದಿದ್ದೇನೋ ಲೆಕ್ಕವಿಲ್ಲ. ಎಲ್ಲದರ ಕೊನೆಗೂ ಒಂದು ಕಾಲಂ ಇರುತ್ತದೆ: ನಿರೀಕ್ಷೆ. "ಬೆಳ್ಳಗಿರಬೇಕು. 5 ಅಡಿ 3 ಇಂಚು. ಸ್ವಜಾತಿ. ಸರ್ಕಾರಿ ನೌಕರಿ ಇದ್ದಲ್ಲಿ ಆದ್ಯತೆ." ಇಷ್ಟು ವರ್ಷದಲ್ಲಿ ಆ ಕಾಲಂ ಮುಂದೆ ನಿಂತು ಯಾರೂ ಜಗಳ ತೆಗೆದದ್ದನ್ನು ನಾನು ಕಂಡಿಲ್ಲ.

ಅದೇ ಅಂಗಡಿಯ ಮಾಳಿಗೆ ಮೇಲೆ, ಎರಡು ವರ್ಷದ ಹಿಂದಿನ ಒಂದು ಭಾನುವಾರ ಸಂಜೆ, ಪ್ರೀತಿ, ಲಿಂಗತ್ವದ ಬಗ್ಗೆ ಮಾತಾಡಲು ಕೆಲವರು ಸೇರಿದ್ದಾಗ, ಒಬ್ಬ ಹುಡುಗ "ನಾನಂತೂ ಟ್ರಾನ್ಸ್ ಹುಡುಗೀರನ್ನ ಡೇಟ್ ಮಾಡಲ್ಲಪ್ಪ" ಅಂದ. ಹುಟ್ಟಿದಾಗ ಗಂಡು ಅನ್ನಿಸಿಕೊಂಡು, ತಾವು ಹೆಣ್ಣು ಅಂತ ಬಾಳುವವರು ಟ್ರಾನ್ಸ್ ಹುಡುಗಿಯರು. ಅವನು ಅಂದದ್ದು ಅಷ್ಟೇ. ಹತ್ತು ನಿಮಿಷದೊಳಗೆ ಒಬ್ಬರು ಎದ್ದು ಹೋಗಿದ್ದರು, ಇನ್ನೊಬ್ಬರು ಅಳುತ್ತಿದ್ದರು, ಮಂಡಕ್ಕಿ ಒಗ್ಗರಣೆಯ ತಟ್ಟೆ ಮಗುಚಿ ಬಿದ್ದಿತ್ತು. ಕರೆದು ಕೂರಿಸಿದವನು ನಾನು. ಏನು ಮಾಡಬೇಕೋ ತಿಳಿಯದೆ ಕಸಬರಿಗೆ ತಂದು ಮಂಡಕ್ಕಿ ಗುಡಿಸಿದೆ.

ಅದೇ ಮಾತು ಆಮೇಲೆ ಎಂಟು ಹತ್ತು ಸಲ ಆ ಮಾಳಿಗೆ ಮೇಲೆ ಬಂದಿದೆ. ಈಗ ತಟ್ಟೆ ಮಗುಚುವುದಿಲ್ಲ. ಎಲ್ಲರೂ ಒಪ್ಪಿಬಿಟ್ಟಿದ್ದೇವೆ ಅಂತಲ್ಲ, ಜಗಳವಾಡುವುದು ಸ್ವಲ್ಪ ಬಂದಿದೆ. ಬಂದಷ್ಟನ್ನು ಬರೆದಿಡುತ್ತೇನೆ. ರಾಯಚೂರಿನ ಹಾಸ್ಟೆಲ್ಲಿನಲ್ಲೋ ಗಂಗಾವತಿಯ ಬಾಡಿಗೆ ರೂಮಿನಲ್ಲೋ ಇದೇ ಮಾತಿಗೆ ಸಿಕ್ಕಿಕೊಂಡವರಿಗೆ ಬೇಕಾದೀತು.

ನನ್ನ ಬಗ್ಗೆ ಹೇಳಬೇಕಾದದ್ದು: ವಯಸ್ಸು 44. ಗಂಡಸರನ್ನು ಇಷ್ಟಪಡುವ ಗಂಡಸು. ಅಮ್ಮನಿಗೆ ಗೊತ್ತು. ಓಣಿಗೆ ಗೊತ್ತಿದ್ದೂ ಗೊತ್ತಿಲ್ಲ. ನಮ್ಮ ಓಣಿ ಅಷ್ಟರಮಟ್ಟಿಗೆ ಜಾಣ.

ಮೊದಲು ಜಾಗ

ಹತ್ತು ಜನಕ್ಕಿಂತ ಹೆಚ್ಚು ಸೇರಿಸಬೇಡಿ. ಹನ್ನೊಂದನೆಯವರು ಬಂದ ಕೂಡಲೇ ಅದು ಭಾಷಣ ಸ್ಪರ್ಧೆ ಆಗುತ್ತದೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಆರೂವರೆಗೆ ಮುಂಚೆ ಮಾಳಿಗೆ ಹತ್ತಲೇಬೇಡಿ. ಕೆಳಗೆ ಕಾದ ಕಲ್ಲು ಇದ್ದರೆ ಎಂಥ ಸಭ್ಯಸ್ಥನೂ ಸಿಡುಕುತ್ತಾನೆ. ಎರಡು ಕೊಡ ನೀರು ಹೊಡೆದು, ಚಾಪೆ ಹಾಸಿ, ಆಮೇಲೆ ಮಾತು. ಸಿರುಗುಪ್ಪ, ಕಂಪ್ಲಿ ಕಡೆಯಿಂದ ಬಂದವರಿಗೆ ವಾಪಸ್ ಬಸ್ಸು ಸಿಗಬೇಕು, ಎಂಟಕ್ಕೆ ಮುಗಿಸಿ. ಬಸ್ಸಿನ ಚಿಂತೆ ಹತ್ತಿದವರ ಬಾಯಿಂದ ಬರುವ ಕೊನೆಯ ಮಾತು ಯಾವಾಗಲೂ ಒರಟಾಗಿರುತ್ತದೆ.

ಫೋಟೊ ಬೇಡ. ಮೇಲೆ ಕೇಳಿದ ಹೆಸರು ಮೆಟ್ಟಿಲು ಇಳಿಯಬಾರದು. ಇದನ್ನು ನಾನು ಪೆಟ್ಟು ತಿಂದು ಕಲಿತೆ, ಅಥವಾ ಪೆಟ್ಟು ಕೊಟ್ಟು ಅನ್ನಬೇಕು. ಮಾಳಿಗೆಗೆ ಬರುತ್ತಿದ್ದ ಒಬ್ಬರು ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಯಲ್ಲಿ ಹೆಂಡತಿ ಜೊತೆ ನಿಂತಿದ್ದರು. ನಾನು ಎರಡೂ ಕೈ ಹಿಡಿದು ಕುಲುಕಿ "ಭಾನುವಾರ ಬರ್ರಿ ಮತ್ತ" ಅಂದೆ. ಅವರು ಆಮೇಲೆ ಬರಲಿಲ್ಲ. ಹಾದಿಯಲ್ಲಿ ಸಿಕ್ಕರೆ ಈಗ ನಾನು ಅವರಾಗಿ ಮಾತಾಡಿಸುವ ತನಕ ಗೋಡೆ ಮೇಲಿನ ಪೋಸ್ಟರ್ ಓದುತ್ತಿರುತ್ತೇನೆ.

ಇನ್ನೊಂದು: ಟ್ರಾನ್ಸ್ ವ್ಯಕ್ತಿ ಒಬ್ಬರನ್ನೇ ಕರೆದು ನಡುವೆ ಕೂರಿಸಿ "ನೀವೇ ಹೇಳ್ರಿ" ಅನ್ನಬೇಡಿ. ಅದು ಚರ್ಚೆ ಅಲ್ಲ, ಪ್ರದರ್ಶನ. ಕರೆದರೆ ಇಬ್ಬರನ್ನಾದರೂ ಕರೆಯಿರಿ, ಅವರವರಲ್ಲೇ ಜಗಳ ಬೀಳಲಿ. ಆಗ ನಿಮಗೆ "ಅವರೆಲ್ಲ ಹಿಂಗೇ" ಅನ್ನುವ ಮಾತು ಮರೆತೇ ಹೋಗುತ್ತದೆ. ಶಸ್ತ್ರಚಿಕಿತ್ಸೆ ಆಗಿದೆಯೋ, ಮೊದಲಿನ ಹೆಸರೇನು, ಎರಡನ್ನೂ ಕೇಳಬೇಡಿ. ನಿಮ್ಮ ಹರ್ನಿಯಾ ಆಪರೇಷನ್ ಬಗ್ಗೆ ಯಾರಾದರೂ ಚಹಾ ಕೊಡುವ ಮುಂಚೆ ಕೇಳುತ್ತಾರೆಯೇ?

ಯಾವ ಮಾತು ಆಡಬೇಕು

ಅನುಮಾನ ಬಂದಾಗ "ಅವರು" ಅನ್ನಿ. ಕನ್ನಡ ಇದನ್ನು ನಮಗೆ ಪುಕ್ಕಟೆ ಕೊಟ್ಟಿದೆ. ಅವರು ಬಂದರು, ಅವರು ಕೂತರು, ಅವರು ನಕ್ಕರು: ಗಂಡೋ ಹೆಣ್ಣೋ ಹೇಳುವ ಗರಜೇ ಇಲ್ಲ, ಮೇಲೆ ಮರ್ಯಾದೆಯೂ ಸಿಕ್ಕಿತು. ನಮ್ಮ ಊರಿನಲ್ಲಿ ಅರ್ಧ ಜಗಳ ತೆಲುಗಿಗೆ ಜಾರುತ್ತದೆ, ಅಲ್ಲಿ ಹುಷಾರು. ತೆಲುಗಿನ "ಅದಿ" ಹೆಂಗಸಿಗೂ ಆಗುತ್ತದೆ, ವಸ್ತುವಿಗೂ ಆಗುತ್ತದೆ. ಅದೇ ಧಾಟಿಯಲ್ಲಿ ಕನ್ನಡದಲ್ಲಿ "ಅದು" ಅಂದುಬಿಟ್ಟರೆ ಕೇಳಿದವರ ಎದೆಗೆ ಚುಚ್ಚುತ್ತದೆ. ನಾನು ನನ್ನ ಗೆಳೆಯನ ಬಗ್ಗೆ ಹತ್ತು ವರ್ಷ ಅಮ್ಮನ ಮುಂದೆ "ಅವರು ಬಂದಿದ್ದರು, ಅವರ ಜೊತೆ ಊಟ ಆಯ್ತು" ಅಂತಲೇ ಕಳೆದೆ. ಮಗನಿಗೆ ಎಷ್ಟು ಸಂಸ್ಕಾರ ಅಂತ ಅಮ್ಮ ಪಕ್ಕದ ಮನೆಯಲ್ಲಿ ಹೇಳಿಕೊಂಡಿದ್ದಳು.

"ಸಲಿಂಗಕಾಮಿ" ಅನ್ನುವ ಪದ ಪತ್ರಿಕೆಗಳಲ್ಲಿ ಇದೆ, ಆದರೆ ನಮ್ಮಲ್ಲಿ ಬಹಳ ಜನಕ್ಕೆ ಆಗಿಬರುವುದಿಲ್ಲ. ಸಾವಿರಾರು ಲಗ್ನಪತ್ರಿಕೆ ಟೈಪ್ ಮಾಡಿದ್ದೇನೆ, ಒಂದರಲ್ಲೂ "ವಿಷಮಲಿಂಗಕಾಮಿಗಳಾದ ಚಿ. ಮತ್ತು ಚಿ.ಸೌ." ಅಂತ ಹಾಕಿಸಿಲ್ಲ. ಅವರದ್ದು ಕಲ್ಯಾಣ, ನಮ್ಮದು ಮಾತ್ರ ಕಾಮ. "ಸಲಿಂಗಿ" ಸಾಕು, ಗೇ ಅಂದರೂ ಸರಿ. "ಮಂಗಳಮುಖಿ" ಕೆಲವರಿಗೆ ಹಿತ, ಕೆಲವರಿಗೆ ಮುಜುಗರ, ಕೇಳಿ ಬಳಸಿ. ನಮ್ಮೊಳಗೇ "ಕೋತಿ", "ಪಂತಿ" ಅನ್ನುವ ಮಾತು ಓಡಾಡುತ್ತವೆ. ಹೆಣ್ಣು ಸ್ವಭಾವದ ಗಂಡಸರು ತಮ್ಮನ್ನು ಕೋತಿ ಅಂದುಕೊಳ್ಳುತ್ತಾರೆ, ಅವರು ಮೆಚ್ಚುವ ಗಂಡಸು ಪಂತಿ. ಮರದ ಮೇಲಿನ ಕೋತಿಗೂ ಇದಕ್ಕೂ ಸಂಬಂಧವಿಲ್ಲ. ಅವು ಮನೆಯೊಳಗಿನ ಮಾತು. ಹೊರಗಿನವರು ಬಳಸಿದರೆ ಬೈಗುಳದಂತೆ ಕೇಳುತ್ತದೆ.

ಸೊಂಟ, ಉದ್ದ, ಬಣ್ಣ

ಚರ್ಚೆ ಹಳ್ಳ ಹಿಡಿಯುವುದು ಮೂರು ಬೇರೆ ಸಂಗತಿಗಳನ್ನು ಒಂದೇ ಬುಟ್ಟಿಗೆ ಹಾಕಿದಾಗ. ಇದನ್ನು ಬಿಡಿಸಿದ್ದು ನಮ್ಮ ಜೀನ್ಸ್ ಮಾಸ್ಟರ್. ಬಳ್ಳಾರಿಯ ಜೀನ್ಸ್ ಹೊಲಿಗೆ ಮನೆಗಳಲ್ಲಿ ಕಟಿಂಗ್ ಮಾಡುತ್ತಾ ಅರ್ಧ ಆಯುಷ್ಯ ಕಳೆದವರು, ತಮ್ಮನ್ನು ಕೋತಿ ಎಂದೇ ಹೇಳಿಕೊಳ್ಳುವವರು. "ಸೊಂಟ 32 ಅಂದ ಕೂಡ್ಲೆ ಉದ್ದ ಎಷ್ಟು ಅಂತ ಗೊತ್ತಾತೇನು? ಬಣ್ಣ ಯಾವುದು ಅಂತ ಗೊತ್ತಾತೇನು? ಮೂರೂ ಬ್ಯಾರೆ ಅಳತಿ, ಒಂದೇ ಪ್ಯಾಂಟು" ಅಂದರು.

ನಾನು ಯಾರು ಎಂಬುದು ಒಂದು: ಹೆಣ್ಣೋ, ಗಂಡೋ, ಎರಡೂ ಅಲ್ಲವೋ. ಅದು ಲಿಂಗತ್ವ. ನನಗೆ ಯಾರ ಮೇಲೆ ಮನಸ್ಸು ಬರುತ್ತದೆ ಎಂಬುದು ಇನ್ನೊಂದು, ಅದು ಒಲವು. ಮನಸ್ಸು ಬಂದವರಲ್ಲಿ ಯಾರ ಜೊತೆ ಓಡಾಡಲು, ಬದುಕಲು ತಯಾರಿದ್ದೇನೆ ಎಂಬುದು ಮೂರನೆಯದು, ಅದು ಆಯ್ಕೆ. ಗಂಡಸನ್ನು ಪ್ರೀತಿಸುವ ಟ್ರಾನ್ಸ್ ಹೆಣ್ಣು ಸಲಿಂಗಿ ಅಲ್ಲ; ನಮ್ಮ ಓಣಿಯ ಬಾಕಿ ಹೆಂಗಸರ ಹಾಗೆಯೇ. ಹೆಣ್ಣನ್ನು ಪ್ರೀತಿಸುವ ಟ್ರಾನ್ಸ್ ಹೆಣ್ಣೂ ಇದ್ದಾರೆ. "ಹಂಗಾದ್ರ ಗಂಡಾಗೇ ಇರಬೌದಿತ್ತಲ್ಲ?" ಅಂತ ಕೇಳುವವರು ಪ್ರತಿ ಸಲ ಒಬ್ಬರು ಸಿಗುತ್ತಾರೆ. ಅವರು ಸೊಂಟದ ಟೇಪಿನಿಂದ ಉದ್ದ ಅಳೆಯುತ್ತಿದ್ದಾರೆ, ಅಷ್ಟೇ ಹೇಳಿ ಮುಂದೆ ಹೋಗಿ.

ಆದರೆ ಈ ಟೇಪು ಎಲ್ಲ ಕಡೆ ಕೂರುವುದಿಲ್ಲ. ನಮ್ಮ ಸೀಮೆಯಲ್ಲಿ ದೇವಿಗೆ ಮುಡಿಪಾಗಿ ಸೀರೆ ಉಟ್ಟು ಬಾಳುವ ಜೋಗಪ್ಪಗಳಿದ್ದಾರೆ. ಮುನಿರಾಬಾದ್ ಪಕ್ಕ, ತುಂಗಭದ್ರೆ ದಂಡೆಯ ಹುಲಿಗಿಗೆ ಹುಣ್ಣಿಮೆಯ ದಿನ ಹೋದರೆ ತಲೆ ಮೇಲೆ ಕೊಡ, ಕೈಯಲ್ಲಿ ಚೌಡಿಕೆ, ಮೈಮೇಲೆ ಸೀರೆ ಇರುವವರನ್ನು ನೋಡುತ್ತೀರಿ. "ನೀವು ಟ್ರಾನ್ಸ್ ಏನು?" ಅಂದರೆ ಕೆಲವರು ಹೌದನ್ನುತ್ತಾರೆ. ಕೆಲವರು "ನನ್ನನ್ನ ಅಮ್ಮ ಹಿಡದಾಳ" ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಅವರ ಮಾತನ್ನು ನಮ್ಮ ಮೂರು ಕಾಲಂಗೆ ತುರುಕುವ ಹಟ ನನಗೂ ಇತ್ತು, ಬಿಟ್ಟಿದ್ದೇನೆ. ಇನ್ನು ಟ್ರಾನ್ಸ್ ಹೆಣ್ಣಾದ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರ ಹೆಸರನ್ನು ತುರುಪಿನ ಎಲೆಯಂತೆ ಎಸೆಯಬೇಡಿ. ನಮ್ಮ ಬಳ್ಳಾರಿ ಸೀಮೆಯವರು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದವರು, 2021ರಲ್ಲಿ ಪದ್ಮಶ್ರೀ ಪಡೆದವರು, ಹೆಮ್ಮೆ ಇರಲಿ. ಆದರೆ ಅವರ ಫೋಟೊ ಅಂಗಡಿಯಲ್ಲಿ ತೂಗುಹಾಕಿದ ಒಬ್ಬ ಪುಣ್ಯಾತ್ಮರು ತಮ್ಮ ಖಾಲಿ ರೂಮನ್ನು ಮಾಳಿಗೆಗೆ ಬರುವ ಸಿರುಗುಪ್ಪದ ಟ್ರಾನ್ಸ್ ಅಕ್ಕನಿಗೆ ಬಾಡಿಗೆಗೆ ಕೊಡಲಿಲ್ಲ. ಫೋಟೊ ಇನ್ನೂ ಅಲ್ಲೇ ಇದೆ, ರೂಮೂ ಖಾಲಿ ಇದೆ.

ವಿಭಕ್ತಿ ನೋಡಿ

ಈಗ ಮುಖ್ಯ ಜಾಗಕ್ಕೆ ಬಂದೆವು. "ಟ್ರಾನ್ಸ್ ವ್ಯಕ್ತಿಯನ್ನು ಒಲ್ಲೆ ಅನ್ನುವುದು ತಪ್ಪೋ?" ಈ ಪ್ರಶ್ನೆಯನ್ನು ಇದೇ ರೂಪದಲ್ಲಿ ಕೇಳಿದರೆ ಮೂರು ತಾಸು ಕಳೆದರೂ ಉತ್ತರ ಸಿಗುವುದಿಲ್ಲ. ನಾನು ಮಾಡುವುದು ಇಷ್ಟು: ಹಳೆ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದಲ್ಲ, ಅದನ್ನು ಒಂದೊಂದು ಕೊಟ್ಟು, ಬಾಯಲ್ಲಿ ಹೇಳಿದ್ದನ್ನೇ ಒಂದು ವಾಕ್ಯ ಬರೆಯಿರಿ ಅನ್ನುತ್ತೇನೆ. ಆಮೇಲೆ ವಾಕ್ಯದ ಮೊದಲ ಪದ ನೋಡುತ್ತೇವೆ.

"ನನಗೆ" ಅಂತ ಶುರುವಾದರೆ ಅದು ಚತುರ್ಥಿ. ನನಗೆ ಹಸಿವು, ನನಗೆ ಜ್ವರ, ನನಗೆ ನಿದ್ದೆ, ನನಗೆ ಇಷ್ಟ. ಇವನ್ನು ನಾವು ಮಾಡುವುದಿಲ್ಲ, ಇವು ನಮಗೆ ಬರುತ್ತವೆ. ಕನ್ನಡ ಇದನ್ನು ಎಂದೋ ಕಂಡುಕೊಂಡಿದೆ. "ನನಗೆ ಆಕೆ ಮೇಲೆ ಮನಸ್ಸು ಬರಲಿಲ್ಲ" ಅನ್ನುವವರ ಜೊತೆ ವಾದ ಮಾಡುವುದು ನಿದ್ದೆ ಬಾರದವರ ಜೊತೆ ವಾದ ಮಾಡಿದಂತೆ. ಬಿಟ್ಟುಬಿಡಿ. ಕಾರಣ ಕೇಳಬೇಡಿ, ಕಾರಣ ಕೊಡುವ ಸಾಲವೂ ಅವರ ತಲೆ ಮೇಲಿಲ್ಲ.

"ಅವರು" ಅಂತ ಶುರುವಾದರೆ ಬೇರೆ ಕಥೆ. "ಅವರು ನಿಜವಾದ ಹೆಣ್ಣಲ್ಲ", "ಅವರು ಮೋಸ ಮಾಡ್ತಾರೆ". ಇದು ಇಷ್ಟದ ಮಾತಲ್ಲ, ಇನ್ನೊಬ್ಬರ ಬಗ್ಗೆ ಹೂಡಿದ ದಾವೆ. ದಾವೆ ಹೂಡಿದವರು ಸಾಕ್ಷಿ ತರಬೇಕು, ವಾದ ಕೇಳಬೇಕು, ಸೋಲಲೂ ತಯಾರಿರಬೇಕು. ಆ ಭಾನುವಾರದ ಹುಡುಗನ ತಪ್ಪು ಏನು ಅಂತ ನನಗೆ ತಡವಾಗಿ ಹೊಳೆಯಿತು. "ಮಾಡಲ್ಲಪ್ಪ" ಅಂದದ್ದಕ್ಕೆ ತಟ್ಟೆ ಮಗುಚಿರಲಿಲ್ಲ. "ಯಾಕೆ?" ಅಂತ ಯಾರೋ ಕೇಳಿದ್ದಕ್ಕೆ ಅವನು "ಅವರು ಹುಡುಗೀರೇ ಅಲ್ಲವಲ್ಲ" ಅಂದ. ನನಗೆ ಅನ್ನುವಲ್ಲಿಂದ ಅವರು ಅನ್ನುವಲ್ಲಿಗೆ ಒಂದೇ ಜಿಗಿತ. ಕೇಳಿದವರದ್ದೂ ತಪ್ಪಿತ್ತು: ಸಾಲವೇ ಇಲ್ಲದ ಕಡೆ ವಸೂಲಿಗೆ ನಿಂತರು.

ಮಧ್ಯದಲ್ಲಿ ಒಂದು ಜಾತಿಯ ವಾಕ್ಯ ಇದೆ, ಅದು ಎಲ್ಲಕ್ಕಿಂತ ಕಷ್ಟ. "ನನಗೆ ಯಾವ ಟ್ರಾನ್ಸ್ ಹೆಣ್ಣಿನ ಮೇಲೂ ಎಂದೂ ಮನಸ್ಸು ಬರುವುದಿಲ್ಲ." ಮೊದಲ ಪದ ನನಗೆ, ಆದರೆ ಇನ್ನೂ ನೋಡದವರಿಗೂ ಸೇರಿಸಿ ಮೊದಲೇ ಬಾಗಿಲು ಹಾಕಿಟ್ಟಿದ್ದು. ಇದಕ್ಕೆ ನನ್ನ ಬಯೋಡೇಟಾ ಕಾಲಂ ತೆಗೆದು ತೋರಿಸುತ್ತೇನೆ. "ಬೆಳ್ಳಗಿರಬೇಕು" ಅನ್ನುವವನ ಇಷ್ಟವೂ ಅವನಿಗೆ ಬಂದ ಇಷ್ಟವೇ. ಸ್ವಜಾತಿ ಹುಡುಗಿಯನ್ನೇ ಚೆಂದ ಕಾಣುವ ಕಣ್ಣೂ ಸುಳ್ಳಲ್ಲ. ಆದರೆ ಆ ಕಣ್ಣಿಗೆ ಯಾರೋ ಸಣ್ಣವನಿದ್ದಾಗಲೇ ಕಾಡಿಗೆ ತೀಡಿದ್ದಾರೆ. ಹಾಗಂತ ಕಪ್ಪು ಹುಡುಗಿಯನ್ನೇ ಮದುವೆಯಾಗು ಅಂತ ಅವನಿಗೆ ಹೇಳಲಿಕ್ಕಾಗುತ್ತದೆಯೇ? ಆ ಹುಡುಗಿಗೇನು, ಪ್ರಾಯಶ್ಚಿತ್ತದ ಗಂಡ ಬೇಕಾ? ಈ ವಾಕ್ಯವನ್ನು ಹೇಳಿದವರೇ ಮನೆಗೆ ಒಯ್ದು ಒಬ್ಬರೇ ಕೂತು ನೋಡಿಕೊಳ್ಳಬೇಕು, ಬೇರೆಯವರು ಕೈ ಹಾಕಬಾರದು ಎಂಬುದು ನನ್ನ ನಿಲುವು. ಜೀನ್ಸ್ ಮಾಸ್ಟರ್ ಒಪ್ಪುವುದಿಲ್ಲ. ಕೈ ಹಾಕದಿದ್ದರೆ ಕಾಡಿಗೆ ಹೋಗುವುದು ಹೇಗೆ ಅನ್ನುತ್ತಾರೆ. ನಮ್ಮಿಬ್ಬರ ಆ ಜಗಳ ಇನ್ನೂ ಬಾಕಿ ಇದೆ.

ಒಂದು ಸಣ್ಣ ಉಪಾಯ. "ಮಕ್ಕಳು ಬೇಕಲ್ಲ, ಅದಕ್ಕ ಒಲ್ಲೆ" ಅನ್ನುವವರಿಗೆ ಕೇಳಿ: ಮಕ್ಕಳಾಗದ ಬೇರೆ ಹೆಣ್ಣನ್ನೂ ಒಲ್ಲೆ ಅನ್ನುತ್ತೀಯಾ? ಹೌದಾದರೆ ಕಾರಣ ಮಕ್ಕಳೇ, ಬಿಡಿ. ಅಲ್ಲವಾದರೆ ಕಾರಣ ಬೇರೆ ಇದೆ. "ಮನೆಯವ್ರು ಒಪ್ಪಲ್ಲ" ಅನ್ನುವುದು ಅಳುಕಿನ ಮಾತಾದರೂ ಪ್ರಾಮಾಣಿಕ ಮಾತು. ಅದನ್ನು ಹಾಗೇ ಹೇಳಲು ಬಿಡಿ, ನಗಬೇಡಿ.

ಬೋರ್ಡು

"ನಾನು" ಅಂತ ಶುರುವಾಗುವ ವಾಕ್ಯ ಉಳಿಯಿತು. ನಾನು ಹೇಳಿದೆ, ನಾನು ಬರೆದೆ, ನಾನು ಮಾಡಿದೆ. ಇಷ್ಟ ಬರುತ್ತದೆ ಸರಿ, ಬಂದ ಮೇಲೆ ಮಾಡಿದ್ದು ನಮ್ಮದೇ. ಇಲ್ಲಿ ನನ್ನ ಹಳೆ ಲೆಕ್ಕ ತೆಗೆಯಬೇಕು.

2016ರ ಸುಮಾರಿಗೆ, ಗಂಡಸರು ಹತ್ತಿರದ ಗಂಡಸರನ್ನು ಹುಡುಕುವ ಗ್ರೈಂಡರ್ ಆ್ಯಪಿನಲ್ಲಿ ನನ್ನದೊಂದು ಖಾತೆ ಇತ್ತು. ಬಳ್ಳಾರಿಯಲ್ಲಿ ಆ ಆ್ಯಪ್ ತೆಗೆಯುವುದೆಂದರೆ ಭೂಗೋಳದ ಪಾಠ: ಎರಡು ಕಿ.ಮೀ. ದೂರದಲ್ಲಿ ಮುಖವಿಲ್ಲದ ಒಂದು ಫೋಟೊ, ಆಮೇಲೆ ಸೀದಾ ಮೂವತ್ತು ಕಿ.ಮೀ. ದೂರದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಕಡೆಯ ಹಿಂದಿ ಮಾತಾಡುವ ಎಂಜಿನಿಯರುಗಳು, ಅಲ್ಲಿಂದ ಮುಂದೆ ಹೊಸಪೇಟೆ. ಇಷ್ಟು ಬರಗಾಲದಲ್ಲೂ ನಾನು ನನ್ನ ಪರಿಚಯದಲ್ಲಿ ಬರೆದಿದ್ದೆ: "ಗಂಡಸಿನಂಥ ಗಂಡಸರು ಮಾತ್ರ. ಹೆಣ್ಣಿಗರು ಮೆಸೇಜ್ ಮಾಡಬೇಡಿ." ಜೀನ್ಸ್ ಮಾಸ್ಟರ್ ಅದನ್ನು ನೋಡಿದ್ದರು. ಒಂದು ದಿನ ಆಧಾರ್ ಜೆರಾಕ್ಸಿಗೆ ಬಂದವರು, ಗಿರಾಕಿಗಳೆಲ್ಲ ಹೋಗುವ ತನಕ ಕಾದು, ಮೆಲ್ಲಗೆ ಅಂದರು: "ನಿನಗ ನಾನು ಸೇರಲ್ಲ, ಸರಿಯಪ್ಪ. ನನಗೂ ನೀನೇನು ಅಂಥಾ ಸೇರಲ್ಲ. ಆದ್ರ ಅಂಗಡಿ ಮುಂದ ಇಂಥಾ ಜಾತಿಯೋರು ಒಳಗ ಬರಬ್ಯಾಡ್ರಿ ಅಂತ ಬೋರ್ಡು ಹಾಕ್ತಿಯೇನು?"

ಎರಡು ರೂಪಾಯಿ ಚಿಲ್ಲರೆ ಕೊಡಲು ಹೋಗಿ ಐದು ಕೊಟ್ಟೆ. ಆ ರಾತ್ರಿ ಆ ಸಾಲು ಅಳಿಸಿದೆ. ನನ್ನ ರುಚಿ ಬದಲಾಗಲಿಲ್ಲ, ಇವತ್ತಿಗೂ ಬದಲಾಗಿಲ್ಲ, ಸುಳ್ಳು ಯಾಕೆ ಹೇಳಲಿ. ಬೋರ್ಡು ಇಳಿಸಿದೆ. ಬೇಡದವರು ಮೆಸೇಜ್ ಮಾಡಿದರೆ "ಕ್ಷಮಿಸಿ, ಆಗುವುದಿಲ್ಲ, ಚೆನ್ನಾಗಿರಿ" ಅನ್ನಲು ಹನ್ನೊಂದು ಸೆಕೆಂಡು ಸಾಕು. ಚರ್ಚೆಯಲ್ಲಿ ಈಗ ಇದನ್ನೇ ಕೇಳುತ್ತೇನೆ: ನಿನ್ನ ಇಷ್ಟದ ಬಗ್ಗೆ ಅಲ್ಲ ಮಾರಾಯ, ನಿನ್ನ ಬೋರ್ಡಿನ ಬಗ್ಗೆ ಮಾತಾಡೋಣ.

ಅಕ್ಕ ಮತ್ತು ನರ್ಸಿಂಗ್ ಹುಡುಗಿ

ಎರಡನೇ ಸಲ ಆ ಮಾತು ಬಂದಾಗ ಮಾಳಿಗೆ ಮೇಲೆ ಇಬ್ಬರು ಎದುರುಬದುರಾದರು. ಒಬ್ಬಳು ನರ್ಸಿಂಗ್ ಓದುವ ಹುಡುಗಿ. ಹೆಣ್ಣನ್ನು ಪ್ರೀತಿಸುವವಳು, ಮಾತು ಕಡಿಮೆ. ಇನ್ನೊಬ್ಬರು ಸಿರುಗುಪ್ಪದ ಅಕ್ಕ, ಟ್ರಾನ್ಸ್ ಹೆಣ್ಣುಮಗಳು. ಮಾತಿಗೆ ಕೊರತೆ ಇಲ್ಲ. ಯಾರೋ ಒಬ್ಬ ಹೊಸಬ, ಪುಸ್ತಕ ಓದಿಕೊಂಡವನು, ಟ್ರಾನ್ಸ್ ವ್ಯಕ್ತಿಯನ್ನು ಒಲ್ಲೆ ಅನ್ನುವವರೆಲ್ಲ ದ್ವೇಷಿಗಳು, ಒಮ್ಮೆ ಮನಸ್ಸು ತೆರೆದು ನೋಡಬೇಕು ಅಂತ ಶುರು ಮಾಡಿದ.

ನರ್ಸಿಂಗ್ ಹುಡುಗಿ ತಲೆ ಎತ್ತಿದಳು. "ನಮ್ಮ ಚಿಕ್ಕಪ್ಪನೂ ಇದೇ ಅಂತಾನ್ರಿ. ಒಮ್ಮೆ ಒಬ್ಬ ಹುಡುಗನ್ನ ನೋಡು, ಮನಸ್ಸು ತಗದು ನೋಡು, ಇಷ್ಟ ಆಗ್ತಾನ ಅಂತ. ನೀವೂ ಅದನ್ನ ಅನ್ನೋದಾದ್ರ ನಾ ಇಲ್ಲಿಗ್ಯಾಕ ಬರಬೇಕು?"

ಯಾರೂ ಉಸಿರೆತ್ತಲಿಲ್ಲ. ಸಲಿಂಗಿಗಳಿಗೆ ಜಗತ್ತು ಹೇಳುತ್ತ ಬಂದಿರುವುದೇ "ಪ್ರಯತ್ನಿಸಿ ನೋಡು" ಅನ್ನುವ ಮಾತು. ಅದನ್ನು ಒಳ್ಳೆಯ ಉದ್ದೇಶದಿಂದ ಹೇಳಿದರೂ ಅದರ ಹಲ್ಲು ಅವೇ. ನಿಮ್ಮ ಚರ್ಚೆಯಲ್ಲಿ ಒಂದೇ ನಿಯಮ ಇಡುವುದಾದರೆ ಇದನ್ನು ಇಡಿ: ಯಾರಿಗೂ ಯಾರೂ "ಒಮ್ಮೆ ನೋಡು" ಅನ್ನುವಂತಿಲ್ಲ.

ಅಕ್ಕ ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. ಮಿರ್ಚಿ ಮುರಿದು ಬಾಯಿಗಿಟ್ಟು, ನುಂಗಿ, ಆಮೇಲೆ ಮಾತಾಡಿದರು. "ಒಲ್ಲೆ ಅಂದೋರಿಂದ ನನಗೇನೂ ಆಗಿಲ್ಲವ್ವ. ಒಲ್ಲೆ ಅಂದ್ರು, ಹೋದ್ರು. ಇಪ್ಪತ್ತು ವರ್ಷದಾಗ ನನ್ನನ್ನ ಸುಟ್ಟೋರು ಹೂಂ ಅಂದೋರು. ರಾತ್ರಿ ಬರ್ತಾರ, ಊಟ ಮಾಡ್ತಾರ, ನೀನಿಲ್ದೆ ಬದುಕಲ್ಲ ಅಂತಾರ. ಬೆಳಿಗ್ಗೆ ಮೋತಿ ಸರ್ಕಲ್‌ನಾಗ ಎದುರಾದ್ರ ನನ್ನ ಮುಖದಾಗಿಂದ ಆಚಿಗೆ ನೋಡ್ತಾರ, ನಾನು ಗಾಜು ಇದ್ದಂಗ. ಅವ್ರನ್ನ ಕರದು ಕೂಡ್ಸಿ ಮಾತಾಡ್ರಿ. ಈ ಹುಡುಗೀನ ಯಾಕ ಕಾಡ್ತೀರಿ?"

ನನಗೆ ವಿಭಕ್ತಿಯ ಲೆಕ್ಕ ಅಲ್ಲಿ ಪೂರ್ತಿ ಆಯಿತು. ಆ ಗಂಡಸರಿಗೆ ಇಷ್ಟ ಬಂದಿದೆ. "ನನಗೆ" ಸರಿಯಾಗಿಯೇ ಇದೆ. ಕೆಟ್ಟಿರುವುದು "ನಾನು". ನಾವು ಅಲ್ಲಿಯ ತನಕ ಬೇಡ ಅನ್ನುವವರ ವಿಚಾರಣೆ ಮಾಡುತ್ತ ಕೂತಿದ್ದೆವು, ಬೇಕು ಅಂದು ಬಚ್ಚಿಡುವವರ ಬಗ್ಗೆ ಒಂದು ಭಾನುವಾರವೂ ಮಾತಾಡಿರಲಿಲ್ಲ. ನಾನೂ ಆ ಸಾಲಿನವನೇ: ಹತ್ತು ವರ್ಷ "ಅವರು, ಅವರು" ಅಂತ ಅಮ್ಮನ ಮುಂದೆ ಒಬ್ಬ ಮನುಷ್ಯನನ್ನು ಬಹುವಚನದಲ್ಲಿ ಅಡಗಿಸಿಟ್ಟವನು. ಅವರು ಈಗ ಬೇರೆ ಊರಿನಲ್ಲಿದ್ದಾರೆ. ಇರಲಿ.

ಆದ್ದರಿಂದ ನಿಮ್ಮ ಚರ್ಚೆಗೆ ಪ್ರಶ್ನೆ ಇಡುವಾಗ "ಟ್ರಾನ್ಸ್ ವ್ಯಕ್ತಿಯನ್ನು ಡೇಟ್ ಮಾಡ್ತೀಯಾ ಇಲ್ಲವಾ" ಅಂತ ಇಡಬೇಡಿ. "ನೀನು ಇಷ್ಟಪಟ್ಟವರ ಜೊತೆ ಹಗಲು ಹೊತ್ತು ಎಲ್ಲಿಯ ತನಕ ನಡೆದುಹೋಗುತ್ತೀ?" ಅಂತ ಇಟ್ಟು ನೋಡಿ. ನಮ್ಮಲ್ಲಿ ಉತ್ತರಗಳು ಬಂದವು: ಬಸ್‌ಸ್ಟ್ಯಾಂಡ್ ತನಕ, ಕೋಟೆ ಗುಡ್ಡದ ತನಕ, ಕನಕದುರ್ಗಮ್ಮನ ಗುಡಿ ತನಕ. ಮನೆ ತನಕ ಅಂದವರು ಒಬ್ಬರೇ, ಅವರೂ ಮನೆಯಲ್ಲಿ ಯಾರೂ ಇಲ್ಲದಾಗ ಅಂದರು.

ತಾರೀಖಿನ ಚೀಟಿ

ಮಾಳಿಗೆ ಬಾಗಿಲಿಗೆ ಒಂದು ಎ4 ಹಾಳೆ ಅಂಟಿಸಿದ್ದೇನೆ, 16 ಪಾಯಿಂಟಿನಲ್ಲಿ. ಪದೇ ಪದೇ ಬರುವ ಮಾತುಗಳಿಗೆ ಉತ್ತರ, ಗಂಟಲು ಉಳಿಯುತ್ತದೆ. "ಇದು ರೋಗ" ಅನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ, 2022ರಲ್ಲಿ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಟ್ರಾನ್ಸ್ ಇರವನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದೆ. "ಡಾಕ್ಟರ್ ಹತ್ರ ತೋರಿಸಿದ್ರ ಸರಿ ಹೋಗ್ತಾರ" ಅನ್ನುವವರಿಗೆ: ಒಲವು ಬದಲಿಸುತ್ತೇನೆ ಅಂತ ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿಪರ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. "ಅಪರಾಧ ಅಲ್ವೇನ್ರಿ" ಅನ್ನುವವರಿಗೆ: 2018ರ ಸೆಪ್ಟೆಂಬರ್ 6, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರಿಬ್ಬರು ಒಪ್ಪಿ ಕೂಡಿದರೆ, ಅದನ್ನು ಅಪರಾಧ ಅನ್ನುತ್ತಿದ್ದ ಕಲಂ 377 ಅನ್ವಯಿಸುವುದಿಲ್ಲ ಅಂದಿತು. ಆ ಕಲಂ ಬ್ರಿಟಿಷರು 1860ರಲ್ಲಿ ಬರೆದ, 2024ರಲ್ಲಿ ರದ್ದಾದ ದಂಡಸಂಹಿತೆಯದು. "ಇದೆಲ್ಲ ಫಾರಿನ್‌ನಿಂದ ಬಂದಿದ್ದು" ಅನ್ನುವವರು ಯಾವುದು ಫಾರಿನ್‌ನಿಂದ ಬಂತು ಅಂತ ಆ ಸಾಲು ಎರಡು ಸಲ ಓದಲಿ. ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಅದೇ ಕೋರ್ಟು ಒಪ್ಪಿದ್ದು 2014ರ ಏಪ್ರಿಲ್ 15ರಂದು.

ಕೊನೆಯ ಸಾಲು ಮದುವೆಯದು, ಅದು ನಮಗೆ ಕಹಿ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಕಾನೂನಿನ ಮಾನ್ಯತೆ ಕೊಡಲಿಲ್ಲ. ಆದರೆ ಅದೇ ತೀರ್ಪಿನಲ್ಲಿ, ಗಂಡು ಹೆಣ್ಣಿನ ಸಂಬಂಧದಲ್ಲಿರುವ ಟ್ರಾನ್ಸ್ ವ್ಯಕ್ತಿಗಳು ಈಗಿರುವ ಕಾನೂನುಗಳ ಪ್ರಕಾರವೇ ಮದುವೆಯಾಗಬಹುದು ಅಂದಿದೆ. ಅಂದರೆ ಅಕ್ಕನಿಗೆ ಹಗಲಲ್ಲಿ ನಡೆಯುವ ಒಬ್ಬ ಗಂಡಸು ಸಿಕ್ಕರೆ ಅವರ ಲಗ್ನಪತ್ರಿಕೆ ನಾನು ಟೈಪ್ ಮಾಡಬಹುದು. ನನ್ನದನ್ನು ಮಾಡುವಂತಿಲ್ಲ. ಈ ಸಾಲು ಬಂದಾಗ ಅಕ್ಕ ನನ್ನ ಬೆನ್ನು ತಟ್ಟಿ "ನಿನಗ ಫ್ರೀ ಜೆರಾಕ್ಸ್ ಆದ್ರೂ ಐತಲ್ಲೋ" ಅನ್ನುತ್ತಾರೆ.

ಹಾಳೆ ಅಂಟಿಸಿ, ಆದರೆ ಅದನ್ನು ಹಿಡಿದು ಯಾರನ್ನೂ ಬಡಿಯಬೇಡಿ. ತಾರೀಖಿನಿಂದ ಸೋತವರು ಮನಸ್ಸಿನಿಂದ ಸೋತಿರುವುದಿಲ್ಲ.

ಕೆಟ್ಟುಹೋದರೆ

ಕೆಡುತ್ತದೆ. ಧ್ವನಿ ಏರಿತು ಅಂದರೆ ನಾನು ಕೆಳಗಿಳಿದು ಬಜ್ಜಿ ತರುತ್ತೇನೆ, ಏರಿಸಿದವರನ್ನೇ ಜೊತೆಗೆ ಕರೆದುಕೊಂಡು. ಮೆಟ್ಟಿಲು ಇಳಿಯುವಾಗ ಮನುಷ್ಯ ಕೂಗುವುದಿಲ್ಲ, ಕಾಲು ನೋಡಿಕೊಳ್ಳಬೇಕಲ್ಲ. ಅತ್ತವರನ್ನು ಸಮಾಧಾನ ಮಾಡಲು ಎಲ್ಲರೂ ಮುಗಿಬೀಳಬೇಡಿ. ಒಬ್ಬರು ಪಕ್ಕ ಕೂತರೆ ಸಾಕು. ಕ್ಷಮೆ ಕೇಳುವುದಾದರೆ ಮರುದಿನ, ಒಬ್ಬರೇ ಹೋಗಿ, ಚಿಕ್ಕದಾಗಿ. ಎಲ್ಲರೆದುರು ಕೇಳುವ ಕ್ಷಮೆಗೆ ನೊಂದವರು ಎಲ್ಲರೆದುರು "ಇರ್ಲಿ ಬಿಡು" ಅನ್ನಬೇಕಾಗುತ್ತದೆ, ಅದು ಎರಡನೇ ಪೆಟ್ಟು. ಮೊದಲ ಭಾನುವಾರ ಎದ್ದು ಹೋದವರು ಇವತ್ತಿಗೂ ವಾಪಸ್ ಬಂದಿಲ್ಲ. ನಾನು ಎರಡು ಸಲ ಹೋಗಿ ಕರೆದೆ, ಮೂರನೇ ಸಲ ಹೋಗಲಿಲ್ಲ.

"ಮಾಡಲ್ಲಪ್ಪ" ಅಂದ ಆ ಹುಡುಗ ಮಾತ್ರ ಬರುತ್ತಾನೆ. ಹೋದ ತಿಂಗಳು ಅಂಗಡಿಗೂ ಬಂದಿದ್ದ, ಅವರವ್ವನ ಜೊತೆ, ಬಯೋಡೇಟಾ ಮಾಡಿಸಲು. ಅವ್ವ ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. ನಿರೀಕ್ಷೆ ಕಾಲಂ ಮುಗಿದ ಮೇಲೆ ಅವರು ಪಕ್ಕದ ಸ್ಟುಡಿಯೋದಿಂದ ಫೋಟೊ ತರಲು ಎದ್ದರು. ಹುಡುಗ ಬಗ್ಗಿ ಸ್ಕ್ರೀನ್ ನೋಡಿದ. "ಅಣ್ಣ, ಬೆಳ್ಳಗೆ ಅನ್ನೋದು ತಗದುಬಿಡು. ಸ್ವಜಾತಿ ಇರ್ಲಿ, ಇಲ್ಲಂದ್ರ ಅವ್ವ ಊಟ ಬಿಡ್ತಾಳ." ತೆಗೆದೆ. ಅವ್ವ ವಾಪಸ್ ಬಂದು ಕನ್ನಡಕ ಏರಿಸಿ ಪ್ರಿಂಟನ್ನು ಎರಡು ಸಲ ಓದಿದರು. ಗೊತ್ತಾಯಿತೋ ಇಲ್ಲವೋ, ಏನೂ ಅನ್ನಲಿಲ್ಲ. ಹತ್ತು ಕಾಪಿ ಹೇಳಿದರು.